ಸುಲಭವಾದ ಪರೀಕ್ಷೆ, ದುರ್ಲಭವಾದ ಅಂಕ

ಪ್ರತಿ ವರ್ಷವೂ ಬೇಸಗೆಯಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾಗಿ, 625ಕ್ಕೆ 625 ಅಂಕಗಳನ್ನು ಗಳಿಸಿದ ಮಕ್ಕಳ ಭಾವಚಿತ್ರಗಳು ವೃತ್ತಪತ್ರಿಕೆಗಳಲ್ಲಿ ಅಚ್ಚಾದೊಡನೆ, ನನ್ನ ವಯಸ್ಸಿನವರು ಸಂಜೆ ಸೇರುವ ಕಡೆಗಳಲ್ಲೆಲ್ಲ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ತಮ್ಮ ಕಾಲದಲ್ಲಿ ಫಸ್ಟ್ ಕ್ಲಾಸು ಬಂದವನನ್ನು ಊರೇ ತಿರುಗಿ ನೋಡುತ್ತಿದ್ದಿತೆಂದೂ, ಈಗ ನೂರಕ್ಕೆ ನೂರು ಬರುವುದು ಮನೆಮನೆಯ ಸಂಗತಿಯಾಗಿದೆಯೆಂದೂ, ಇದಕ್ಕೆಲ್ಲ ಪರೀಕ್ಷೆ ಸಡಿಲವಾದದ್ದೇ ಕಾರಣವೆಂದೂ ಹಿರಿಯರು ಹೇಳುತ್ತಾರೆ. ಅದೇ ಮನೆಗಳ ಮಕ್ಕಳು ಈ ಮಾತನ್ನು ಕೇಳಿ ಮುಖ ಸಪ್ಪಗೆ ಮಾಡಿಕೊಂಡು, ಬೆಳಗಿನ ಜಾವಕ್ಕೆದ್ದು ತಾವು ಪಟ್ಟ ಪರಿಶ್ರಮಕ್ಕೆ ಇಷ್ಟೇ ಬೆಲೆಯೆ ಎಂದು ಒಳಗೊಳಗೇ ನೊಂದುಕೊಳ್ಳುತ್ತಾರೆ. ವಿದ್ಯಾರ್ಥಿಯಾಗಿ ಈ ಪರೀಕ್ಷೆಯನ್ನು ಬರೆದು, ಅನಂತರ ಮೂರು ದಶಕಗಳಿಗೂ ಮೀರಿ ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯನಾಗಿ ಮಕ್ಕಳನ್ನು ಇದಕ್ಕೆ ಸಿದ್ಧಗೊಳಿಸಿ, ಬೇಸಗೆಯ ರಜೆಗಳಲ್ಲಿ ಮೌಲ್ಯಮಾಪಕನಾಗಿ ಉತ್ತರಪತ್ರಿಕೆಗಳನ್ನು ತಿದ್ದಿ, ನಿವೃತ್ತನಾದ ಮೇಲೆಯೂ ನೆರೆಹೊರೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿರುವ ನನಗೆ, ಈ ಎರಡು ಪಕ್ಷಗಳಲ್ಲಿ ಯಾವುದೊಂದನ್ನೂ ಪೂರ್ತಿಯಾಗಿ ಒಪ್ಪಿಕೊಳ್ಳಲು ಮನಸ್ಸು ಬಾರದು. ಪರೀಕ್ಷೆ ಒಂದು ಬಗೆಯಲ್ಲಿ ಸುಲಭವಾಗಿರುವುದು ದಿಟ. ಅತ್ಯುನ್ನತವಾದ ಅಂಕಗಳಿಗೆ ಕಠಿನವಾದ ವ್ಯಾಸಂಗ ಬೇಕೆಂಬುದೂ ಅಷ್ಟೇ ದಿಟ. ಈ ಎರಡು ಸತ್ಯಗಳು ಒಟ್ಟಿಗೆ ಇರುವುದು ಹೇಗೆಂಬುದನ್ನು, ನಾನು ಕಂಡುಂಡ ಸಂಗತಿಗಳ ಮೂಲಕ ಹೇಳಬೇಕೆಂದು ಈ ಬರಹಕ್ಕೆ ತೊಡಗಿದ್ದೇನೆ.

ನಾನು ಈ ಪರೀಕ್ಷೆಗೆ ಕುಳಿತದ್ದು ಅರುವತ್ತರ ದಶಕದ ನಡುವಿನಲ್ಲಿ; ರಾಜ್ಯಕ್ಕೆ ಆಗ ಇನ್ನೂ ಮೈಸೂರೆಂಬ ಹೆಸರೇ ಇದ್ದಿತು. ಚಿತ್ರದುರ್ಗದ ಸೀಮೆಯಲ್ಲಿದ್ದ ನಮ್ಮ ಊರಿಗೆ ಪ್ರೌಢಶಾಲೆ ಬಂದಿದ್ದರೂ ಪರೀಕ್ಷಾಕೇಂದ್ರ ಬಂದಿರಲಿಲ್ಲ. ಆದಕಾರಣ ಪರೀಕ್ಷೆ ಬರೆಯತಕ್ಕವರೆಲ್ಲರೂ ತಾಲ್ಲೂಕಿನ ಊರಿಗೆ ಹೋಗಿ, ನೆಂಟರ ಮನೆಯಲ್ಲಿಯೋ ಛತ್ರದಲ್ಲಿಯೋ ತಂಗಿ, ಕಟ್ಟಿಕೊಂಡು ಹೋದ ರೊಟ್ಟಿ ಚಟ್ನಿಪುಡಿಗಳಲ್ಲಿ ಹೊತ್ತು ಕಳೆದು, ಪರೀಕ್ಷೆಯನ್ನು ಮುಗಿಸಿಕೊಂಡು ಬರಬೇಕಾಗಿದ್ದಿತು. ನನ್ನ ತಂದೆಯವರು ಹಳೆಯ ಮೈಸೂರು ಸಂಸ್ಥಾನದ ಲೋಯರ್ ಸೆಕೆಂಡರಿ ಪರೀಕ್ಷೆಯನ್ನು ಮುಗಿಸಿ, ಅಷ್ಟರ ಬಲದಿಂದಲೇ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದವರು. ರಾತ್ರಿ ಲಾಂದ್ರದ ಬೆಳಕಿನಲ್ಲಿ ನಾನು ಓದುತ್ತ ಕುಳಿತಿದ್ದಾಗ ಅವರು ಹತ್ತಿರ ಬಂದು, ಪುಸ್ತಕವನ್ನು ಕೈಗೆತ್ತಿಕೊಂಡು, ನಾಲ್ಕು ಪುಟ ತಿರುವಿ, "ನಮ್ಮ ಎಲ್.ಎಸ್. ಪರೀಕ್ಷೆಗೆ ಇದ್ದ ವ್ಯಾಕರಣ ಇದರಲ್ಲಿ ಎಲ್ಲಿದೆಯಪ್ಪ? ನಿಮ್ಮದು ಬಹಳ ಹಗುರ" ಎಂದು ಹೇಳಿ ಹೋಗುತ್ತಿದ್ದರು. ಪರೀಕ್ಷೆ ಹಗುರವಾಯಿತೆಂಬ ದೂರು ನಮ್ಮ ತಲೆಮಾರಿನವರ ಬಾಯಲ್ಲಿ ಹುಟ್ಟಿದುದಲ್ಲವೆಂಬುದನ್ನು ನಾನು ಬಲ್ಲೆ. ಅದು ನಮಗೆ ನಮ್ಮ ಹಿರಿಯರಿಂದ ಬಂದದ್ದು, ನಾವು ನಮ್ಮ ಕಿರಿಯರಿಗೆ ದಾಟಿಸುತ್ತಿರುವುದು. ಹಾಗೆ ವಂಶಪಾರಂಪರ್ಯವಾಗಿ ಬಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಆದರೆ ವಿಚಾರಿಸದೆ ನಂಬತಕ್ಕ ಮಾತೂ ಅಲ್ಲವಷ್ಟೆ.

ಆ ಕಾಲದ ಪರೀಕ್ಷೆ ಎಷ್ಟರಮಟ್ಟಿಗೆ ಭಯಂಕರವಾಗಿದ್ದಿತೆಂಬುದನ್ನು ಇಂದಿನವರು ಊಹಿಸಿಕೊಳ್ಳುವುದು ಕಷ್ಟ. ಫಲಿತಾಂಶದ ದಿನ ವೃತ್ತಪತ್ರಿಕೆಯಲ್ಲಿ ತೇರ್ಗಡೆಯಾದವರ ನೋಂದಣಿ ಸಂಖ್ಯೆಗಳು ಸಣ್ಣ ಅಕ್ಷರದಲ್ಲಿ ಸಾಲುಸಾಲಾಗಿ ಅಚ್ಚಾಗುತ್ತಿದ್ದುವು. ಬೆಳಗಿನ ಬಸ್ಸಿಗೆ ಬರುತ್ತಿದ್ದ ಒಂದೆರಡು ಪ್ರತಿಗಳ ಸುತ್ತ ಹುಡುಗರೂ ಅವರ ತಂದೆಯಂದಿರೂ ಮುತ್ತಿಕೊಂಡು, ಬೆರಳನ್ನು ಸಾಲಿನ ಮೇಲೆ ಜಾರಿಸುತ್ತ ಹುಡುಕುತ್ತಿದ್ದರು. ಸಂಖ್ಯೆ ಸಿಕ್ಕಿದವನು ಗಟ್ಟಿಯಾಗಿ ಕೂಗುತ್ತಿದ್ದನು. ಸಿಕ್ಕದವನು ಇನ್ನೊಮ್ಮೆ, ಮತ್ತೊಮ್ಮೆ ಅದೇ ಸಾಲನ್ನು ಓದುತ್ತಿದ್ದನು. ಹಾಗೆ ನಪಾಸಾದ ಗೆಳೆಯರಲ್ಲಿ ಬಹುಪಾಲು ಮಂದಿ ಮರಳಿ ಪುಸ್ತಕ ಹಿಡಿಯಲಿಲ್ಲ. ಹುಡುಗರು ಹೊಲಕ್ಕೋ ಅಂಗಡಿಗೋ ಹೋದರು, ಹುಡುಗಿಯರು ಅದೇ ಬೇಸಗೆಯಲ್ಲಿ ಹಸೆಮಣೆ ಏರಿದರು. ಅವರೆಲ್ಲರೂ ಮಂದಮತಿಗಳಾಗಿದ್ದರೆಂದು ನಾನು ಎಂದಿಗೂ ಒಪ್ಪಲಾರೆ. ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟದ ಡಿ.ವಿ. ಗುಂಡಪ್ಪನವರಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಪುರಸ್ಕರಿಸಿತೆಂಬುದು ನಾಡಿಗೆ ತಿಳಿದ ಸಂಗತಿ. ಗುಂಡಪ್ಪನವರಂತೆ ಸ್ವಾಧ್ಯಾಯದಿಂದ ಮೇಲೆದ್ದವರು ಅಪೂರ್ವ. ಒಂದು ವಿಷಯದಲ್ಲಿ ನಾಲ್ಕು ಅಂಕ ಕಡಮೆಯಾದುದರಿಂದ ಜೀವನದ ಬಾಗಿಲೇ ಮುಚ್ಚಿಹೋದವರು ಅಸಂಖ್ಯಾತ.

ಇಷ್ಟೆಲ್ಲ ಭಯಂಕರವಾಗಿದ್ದ ಆ ಪರೀಕ್ಷೆಯ ಪ್ರಶ್ನೆಗಳು ಎಂಥವು? ನಾನು ಉಪಾಧ್ಯಾಯನಾದ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಸಂಗ್ರಹಿಸಿ ನೋಡಿದ್ದುಂಟು. ಕನ್ನಡದಲ್ಲಿ ಸಂದರ್ಭ ಸಹಿತ ವಿವರಣೆ, ಗಾದೆಯ ವಿಸ್ತರಣೆ, ಪ್ರಸ್ತಾರ ಹಾಕಿ ಛಂದಸ್ಸನ್ನು ಹೆಸರಿಸುವುದು, ಒಂದು ಪ್ರಬಂಧ. ಚರಿತ್ರೆಯಲ್ಲಿ ಯುದ್ಧಗಳ ಕಾರಣ ಮತ್ತು ಪರಿಣಾಮ. ಗಣಿತದಲ್ಲಿ ಪೈಥಾಗೊರಸನ ಪ್ರಮೇಯದ ಸಾಧನೆ. ಇವುಗಳಲ್ಲಿ ಬಹುಭಾಗ ಕಂಠಪಾಠಕ್ಕೆ ಒಗ್ಗುವಂಥವೇ. ನಮ್ಮಲ್ಲಿಯೂ ಬಾಯಿಪಾಠದ ಬಲದಿಂದಲೇ ಮುಂದೆ ಬಂದವರಿದ್ದರು. ಅಂಕಗಳು ಕಡಮೆ ಬರುತ್ತಿದ್ದುದಕ್ಕೆ ಪ್ರಶ್ನೆಗಳ ಕಾಠಿನ್ಯ ಒಂದು ಕಾರಣವಾದರೆ, ತಿದ್ದುವವರ ಕೈ ಬಿಗಿಯಾಗಿದ್ದುದು ಇನ್ನೊಂದು ಕಾರಣ. ಭಾಷಾವಿಷಯಗಳಲ್ಲಿ ನೂರಕ್ಕೆ ಅರುವತ್ತೈದು ಕೊಟ್ಟರೆ ಅದೇ ಮಹಾಪ್ರಸಾದ. ಪ್ರಬಂಧಕ್ಕೆ ಪೂರ್ಣಾಂಕ ಕೊಡುವುದು ಶಾರದೆಗೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆ ಆ ಕಾಲದ ಪಂಡಿತರಲ್ಲಿ ಗಾಢವಾಗಿದ್ದಿತು. ಯಾವ ಉತ್ತರದಲ್ಲಿ ಏನಿದ್ದರೆ ಎಷ್ಟು ಅಂಕವೆಂದು ಯಾರೂ ಬಿಡಿಸಿ ಹೇಳಿರಲಿಲ್ಲವಾದ್ದರಿಂದ, ಒಬ್ಬ ಪರೀಕ್ಷಕರ ಕೈಯಲ್ಲಿ ಐವತ್ತೈದು ಬರುವ ಪತ್ರಿಕೆ ಇನ್ನೊಬ್ಬರ ಕೈಯಲ್ಲಿ ನಲವತ್ತಕ್ಕೆ ಇಳಿಯುವುದೂ ಉಂಟಾಗಿದ್ದಿತು. ಆದುದರಿಂದ ಅಂದಿನ ಐವತ್ತೈದನ್ನು ಇಂದಿನ ತೊಂಬತ್ತೈದರ ಪಕ್ಕದಲ್ಲಿಟ್ಟು ತೂಗುವುದು ನ್ಯಾಯವಲ್ಲ.

ಹಾಗಾದರೆ ನಮ್ಮ ಕಾಲದ ಹೆಗ್ಗಳಿಕೆ ಏನೂ ಇರಲಿಲ್ಲವೆ? ಇದ್ದಿತು, ಅದು ಇದ್ದುದು ಪರೀಕ್ಷೆಯಲ್ಲಿ ಅಲ್ಲ, ಪರೀಕ್ಷೆಯ ಹೊರಗೆ. ನಮಗೆ ಗಣಿತ ಕಲಿಸಿದ ಮೇಷ್ಟರು ಪ್ರತಿ ಶನಿವಾರವೂ, ಶಾಲೆ ಬಿಡುವುದಕ್ಕೆ ಮುಂಚೆ, ಯಾವ ಪುಸ್ತಕದಲ್ಲಿಯೂ ಇಲ್ಲದ ಒಂದು ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ಹೋಗಿಬಿಡುತ್ತಿದ್ದರು. ಅವುಗಳಲ್ಲೊಂದು ಇಂದಿಗೂ ನನ್ನ ನೆನಪಿನಲ್ಲಿ ಅಚ್ಚಳಿಯದೆ ಉಳಿದಿದೆ. ಒಂದರ ಮುಂದೊಂದು ಬರುವ ಯಾವ ನಾಲ್ಕು ಸಂಖ್ಯೆಗಳನ್ನಾದರೂ ಗುಣಿಸಿ, ಬಂದ ಗುಣಲಬ್ಧಕ್ಕೆ ಒಂದನ್ನು ಕೂಡಿಸಿದರೆ, ಯಾವಾಗಲೂ ಒಂದು ಪೂರ್ಣವರ್ಗವೇ ಬರುತ್ತದೆ, ಏಕೆ? ಎಂಬುದು ಆ ಪ್ರಶ್ನೆ. 1, 2, 3, 4ನ್ನು ಗುಣಿಸಿ ಒಂದು ಕೂಡಿಸಿದರೆ 25, ಅದು 5ರ ವರ್ಗ. 2ರಿಂದ 5ರವರೆಗೆ ತೆಗೆದುಕೊಂಡರೆ 121, ಅದು 11ರ ವರ್ಗ. 3ರಿಂದ 6ರವರೆಗೆ ತೆಗೆದುಕೊಂಡರೆ 361, ಅದು 19ರ ವರ್ಗ. ಹೀಗೆ ಒಂದೊಂದನ್ನೂ ಸ್ಲೇಟಿನ ಮೇಲೆ ಹಾಕಿ ನೋಡಿ ಬೆರಗಾಗುತ್ತಿದ್ದ ನಮಗೆ, ಅದು ಏಕೆ ಹಾಗೆಂಬುದು ಮಾತ್ರ ಭಾನುವಾರ ಪೂರ್ತಿ ಕಾಡಿದರೂ ಹೊಳೆಯದು. ಸೋಮವಾರ ತರಗತಿಯಲ್ಲಿ ಮೇಷ್ಟರು ಉತ್ತರವನ್ನು ಹೇಳದೆ, "ಮೊದಲನೆಯದನ್ನೂ ಕೊನೆಯದನ್ನೂ ಗುಣಿಸಿ ನೋಡಿ, ಆಮೇಲೆ ನಡುವಿನ ಎರಡನ್ನು ಗುಣಿಸಿ ನೋಡಿ" ಎಂದು ಇಷ್ಟು ಮಾತ್ರ ಹೇಳಿ ಸುಮ್ಮನಾದರು. ಆ ಎರಡು ಗುಣಲಬ್ಧಗಳ ನಡುವೆ ಯಾವಾಗಲೂ ಎರಡೇ ಅಂತರವೆಂಬುದು ಕಂಡ ಒಡನೆ, ಅವೆರಡರ ನಡುವಿನ ಸಂಖ್ಯೆಯೇ ನಮಗೆ ಬೇಕಾದ ವರ್ಗಮೂಲವೆಂಬುದು ತಾನಾಗಿಯೇ ತೆರೆದುಕೊಂಡಿತು. ಈ ಲೆಕ್ಕ ಯಾವ ಪರೀಕ್ಷೆಯಲ್ಲಿಯೂ ಬರಲಿಲ್ಲ, ಬರುವುದೂ ಇಲ್ಲವೆಂದು ನಮಗೆ ಗೊತ್ತಿದ್ದಿತು. ಆದರೂ ಅದಕ್ಕಾಗಿ ಒಂದು ಭಾನುವಾರವನ್ನು ಕೊಡುವುದು ವ್ಯರ್ಥವೆಂದು ಯಾರಿಗೂ ತೋರಲಿಲ್ಲ. ನಾನು ಗಣಿತದ ಉಪಾಧ್ಯಾಯನಾದುದು ಆ ಸೋಮವಾರದ ಫಲ.

ಎಪ್ಪತ್ತರ ದಶಕದಲ್ಲಿ ನಾನು ವೃತ್ತಿಗೆ ಸೇರಿ, ಕೆಲವು ವರ್ಷಗಳ ಅನಂತರ ಮೌಲ್ಯಮಾಪನದ ಕಾರ್ಯಕ್ಕೆ ಹೋಗತೊಡಗಿದೆನು. ಜಿಲ್ಲಾಕೇಂದ್ರದ ದೊಡ್ಡ ಶಾಲೆಯೊಂದರಲ್ಲಿ, ರಜೆಯಿಂದ ಬರಿದಾದ ಕೊಠಡಿಗಳಲ್ಲಿ, ಉರಿಯುವ ಏಪ್ರಿಲ್ ತಿಂಗಳಿನಲ್ಲಿ ನಾವು ಗುಂಪುಗುಂಪಾಗಿ ಕುಳಿತು, ಹುರಿಯಿಂದ ಕಟ್ಟಿದ ಬಂಡಲುಗಳನ್ನು ಬಿಚ್ಚಿ, ಕೆಂಪು ಮಸಿಯ ಲೇಖನಿಯಿಂದ ಉತ್ತರಗಳನ್ನು ತಿದ್ದುತ್ತಿದ್ದೆವು. ಮೊದಲ ದಿನ ಮುಖ್ಯ ಮೌಲ್ಯಮಾಪಕರು ಅಂಕ ಹಂಚಿಕೆಯ ಕ್ರಮವನ್ನು ಓದಿ ಹೇಳುವರು: ಚಿತ್ರಕ್ಕೆ ಅರ್ಧ, ದತ್ತಕ್ಕೆ ಅರ್ಧ, ಸಾಧನೀಯಕ್ಕೆ ಅರ್ಧ, ರಚನೆಗೆ ಅರ್ಧ, ಉಳಿದದ್ದು ಸಾಧನೆಗೆ. ಮಗುವಿಗೆ ಅನ್ಯಾಯವಾಗಬಾರದೆಂಬ ಸದುದ್ದೇಶದಿಂದ ಹುಟ್ಟಿದ ಕ್ರಮವಿದು. ಒಬ್ಬ ಪರೀಕ್ಷಕನ ಧಾರಾಳಕ್ಕೂ ಇನ್ನೊಬ್ಬನ ಬಿಗುವಿಗೂ ಮಕ್ಕಳು ಬಲಿಯಾಗುತ್ತಿದ್ದುದನ್ನು ಇದು ತಪ್ಪಿಸಿತು. ನಾನು ಇದನ್ನು ಮನಸಾರೆ ಮೆಚ್ಚಿದವನು.

ಆದರೆ ಒಂದು ವರ್ಷ ಅಲ್ಲಿ ಕಂಡದ್ದು ನನ್ನನ್ನು ಯೋಚನೆಗೆ ಹಚ್ಚಿತು. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಪ್ರಮಾಣದಲ್ಲಿ ವಿಭಾಗಿಸುತ್ತದೆಂಬ ಥೇಲ್ಸನ ಪ್ರಮೇಯ ನಮ್ಮ ಪರೀಕ್ಷೆಗಳಲ್ಲಿ ಮತ್ತೆಮತ್ತೆ ಬರತಕ್ಕದ್ದು. ಪುಸ್ತಕದಲ್ಲಿ ತ್ರಿಭುಜಕ್ಕೆ ಎಬಿಸಿ ಎಂಬ ಹೆಸರು. ಆ ವರ್ಷ ಪ್ರಶ್ನೆಪತ್ರಿಕೆಯನ್ನು ರಚಿಸಿದವರು ಪಿಕ್ಯೂಆರ್ ಎಂದು ಹೆಸರಿಟ್ಟು, ಸಮಾಂತರ ರೇಖೆಯನ್ನು ತಳದ ಬಾಹುವಿಗಲ್ಲದೆ ಪಕ್ಕದ ಬಾಹುವಿಗೆ ಎಳೆದಿದ್ದರು. ನನ್ನ ಕೈಗೆ ಬಂದ ಪತ್ರಿಕೆಗಳಲ್ಲಿ ಒಂದರ ಅಕ್ಷರ ಮುತ್ತು ಪೋಣಿಸಿದಂತಿದ್ದಿತು. ಅಲ್ಲಿಯವರೆಗೆ ಒಂದು ಅಂಕವೂ ಹೋಗಿರಲಿಲ್ಲ. ಈ ಪ್ರಶ್ನೆಗೆ ಆ ಮಗು ಪುಸ್ತಕದ ಎಬಿಸಿ ತ್ರಿಭುಜವನ್ನೇ ಬರೆದು, ಅದಕ್ಕೆ ಪುಸ್ತಕದ ಸಾಧನೆಯನ್ನೇ ಒಂದಕ್ಷರವೂ ತಪ್ಪದಂತೆ ಇಳಿಸಿದ್ದಿತು. ಪ್ರಮೇಯ ಬಂದಿದ್ದಿತು, ಅದು ಯಾವ ತ್ರಿಭುಜಕ್ಕಾದರೂ ಸಲ್ಲುವುದೆಂಬ, ಪ್ರಮೇಯಕ್ಕೆ ಪ್ರಾಣವಾದ ಅರಿವು ಬಂದಿರಲಿಲ್ಲ. ಅಂಥ ಪತ್ರಿಕೆ ಅದೊಂದೇ ಅಲ್ಲ. ನಮ್ಮ ಕೊಠಡಿಯ ಎಲ್ಲ ಮೇಜುಗಳಿಂದಲೂ ಅದೇ ಸಮಾಚಾರ ಕೇಳಿಬಂದಿತು. ಪ್ರಶ್ನೆ ಪಠ್ಯಪುಸ್ತಕದಲ್ಲಿದ್ದಂತೆ ಇಲ್ಲವೆಂಬ ಆಕ್ಷೇಪಣೆ ಹೊರಗಿನಿಂದಲೂ ಎದ್ದಿತು. ಬಳಿಕ ಕೆಲವು ವರ್ಷ ಆ ಪ್ರಮೇಯ ಬಂದಾಗಲೆಲ್ಲ ಎಬಿಸಿ ಎಂದೇ ಬಂದುದನ್ನು ನಾನು ಗಮನಿಸಿದ್ದೇನೆ.

ಪರೀಕ್ಷೆ ಸುಲಭವಾಯಿತೆಂದು ನಾನು ಹೇಳುವುದಾದರೆ ಈ ಅರ್ಥದಲ್ಲಿ. ಪಾಠಗಳು ಹಗುರವಾಗಲಿಲ್ಲ, ನಾನು ಪಿ.ಯು.ಸಿ.ಯಲ್ಲಿ ಮೊದಲಿಗೆ ಕಂಡ ಎಷ್ಟೋ ವಿಷಯಗಳು ಇಂದು ಹತ್ತನೆಯ ತರಗತಿಯ ಪುಸ್ತಕದಲ್ಲಿವೆ. ಸುಲಭವಾದುದು ಪ್ರಶ್ನೆಯ ಸ್ವಭಾವ. ಅದು ಮೊದಲೇ ತಿಳಿಯುವಂತಾಯಿತು. ಯಾವ ಅಧ್ಯಾಯಕ್ಕೆ ಎಷ್ಟು ಅಂಕ, ಅದರಲ್ಲಿ ಒಂದು ಅಂಕದ್ದೆಷ್ಟು, ನಾಲ್ಕು ಅಂಕದ್ದೆಷ್ಟು ಎಂಬುದನ್ನು ನೀಲನಕ್ಷೆಯೆಂಬ ಹೆಸರಿನಲ್ಲಿ ಮುಂಚಿತವಾಗಿ ತಿಳಿಸುವುದು ರೂಢಿಗೆ ಬಂದಿತು. ಮಾದರಿ ಪ್ರಶ್ನೆಪತ್ರಿಕೆಗಳು ಬಂದುವು. ಹಿಂದಿನ ವರ್ಷಗಳ ಪತ್ರಿಕೆಗಳನ್ನು ಬಿಡಿಸಿ ಕೊಟ್ಟ ಗೈಡುಗಳು ಅಂಗಡಿಗಳಲ್ಲಿ ರಾಶಿ ಬಿದ್ದುವು. ಪೂರ್ವಸಿದ್ಧತಾ ಪರೀಕ್ಷೆಗಳು ಅದೇ ಅಚ್ಚಿನಲ್ಲಿ ನಡೆಯತೊಡಗಿದುವು. ಬೆಂಗಳೂರಿನ ಮಗುವಿಗೆ ಸಿಕ್ಕುವ ಸುಳಿವು ಯಾದಗಿರಿಯ ಹಳ್ಳಿಯ ಮಗುವಿಗೂ ಸಿಕ್ಕಬೇಕೆಂಬುದು ಇದರ ಹಿಂದಿನ ನ್ಯಾಯ. ಆ ನ್ಯಾಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದಾರಿಯ ಪ್ರತಿಯೊಂದು ತಿರುವಿನಲ್ಲಿಯೂ ಕೈಮರ ನೆಟ್ಟ ಮೇಲೆ, ದಾರಿ ಹುಡುಕುವ ಶಕ್ತಿ ಯಾರಲ್ಲಿ ಎಷ್ಟಿದೆಯೆಂದು ಅಳೆಯುವುದು ಸಾಧ್ಯವಾಗದು.

ಈ ಸೌಲಭ್ಯದಿಂದ ಏನು ಒಳಿತಾಗಿದೆಯೆಂಬುದನ್ನೂ ಹೇಳದಿದ್ದರೆ ನನ್ನ ಮಾತು ಒಂದು ಕಣ್ಣಿನದಾಗುತ್ತದೆ. ಹಿಂದುಳಿದ ಮಕ್ಕಳಿಗೆಂದು ಶಾಲೆಗಳಲ್ಲಿ ಈಗ ಪಾಸಿಂಗ್ ಪ್ಯಾಕೇಜ್ ಎಂಬ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಾರೆ. ತೇರ್ಗಡೆಗೆ ಎಷ್ಟು ಬೇಕೋ ಅಷ್ಟನ್ನು ಆಯ್ದು, ಚಿತ್ರ, ನಕ್ಷೆ, ಸೂತ್ರ, ಖಚಿತವಾಗಿ ಬರುವ ಪ್ರಶ್ನೆಗಳು, ಇಷ್ಟನ್ನು ತಿಂಗಳುಗಟ್ಟಲೆ ತಿದ್ದಿಸುವುದು ಅದರ ಕ್ರಮ. ನನ್ನ ಶಿಷ್ಯನೊಬ್ಬ ಈಗ ಅಂಥದೊಂದು ಶಾಲೆಯ ಉಪಾಧ್ಯಾಯ. ಈ ಪ್ಯಾಕೇಜಿನ ಮಾತು ಬಂದಾಗ ನಾನು ಅಸಮಾಧಾನವನ್ನು ತೋರಿದೆನು, ಅವನು ವಿನಯದಿಂದಲೇ, "ಸಾರ್, ನಮ್ಮ ಶಾಲೆಯ ಒಬ್ಬ ಹುಡುಗಿಯ ತಾಯಿ ಕೂಲಿ ಮಾಡುತ್ತಾರೆ, ಹುಡುಗಿ ವರ್ಷದಲ್ಲಿ ಮೂರು ತಿಂಗಳು ಈರುಳ್ಳಿ ಕೀಳುವುದಕ್ಕೆ ಹೋಗುತ್ತಿದ್ದಳು. ಫೇಲಾದರೆ ಮದುವೆ ಎಂದು ಮನೆಯಲ್ಲಿ ಗೊತ್ತುಮಾಡಿದ್ದರು. ಅವಳನ್ನು ಮೂವತ್ತೈದು ದಾಟಿಸಿದೆವು. ಈಗ ನರ್ಸಿಂಗ್ ಮುಗಿಸಿ ಆಸ್ಪತ್ರೆಯಲ್ಲಿದ್ದಾಳೆ. ಅವಳಿಗೆ ಪ್ರಮೇಯ ಅರ್ಥವಾಗಿತ್ತೋ ಇಲ್ಲವೋ ನಾನು ಕೇಳಲಿಲ್ಲ ಸಾರ್" ಎಂದನು. ಈ ಮಾತಿಗೆ ಎದುರಾಗಿ ಹೇಳತಕ್ಕದ್ದು ನನ್ನಲ್ಲಿ ಏನೂ ಇಲ್ಲ. ವೃತ್ತಪತ್ರಿಕೆಯ ಸಾಲಿನಲ್ಲಿ ತಮ್ಮ ಸಂಖ್ಯೆಯನ್ನು ಕಾಣದೆ ಹೋದ ನನ್ನ ಗೆಳೆಯರಿಗೂ ಗೆಳತಿಯರಿಗೂ ಅಂಥ ಒಬ್ಬ ಉಪಾಧ್ಯಾಯ ಸಿಕ್ಕಿದ್ದರೆ ಎಷ್ಟು ಬಾಳುಗಳು ಬೇರೆಯಾಗುತ್ತಿದ್ದುವೋ ಎಂದು ನಾನು ಎಷ್ಟೋ ಸಲ ಎಣಿಸಿದ್ದೇನೆ. ಕೆಳಗಿನ ಅಂಚಿನಲ್ಲಿ ಪರೀಕ್ಷೆ ಸುಲಭವಾಗುವುದು ದೋಷವಲ್ಲ. ಅದು ಸಮಾಜದ ಕರುಣೆ ಮಾತ್ರವಲ್ಲ, ಕರ್ತವ್ಯವೂ ಹೌದು.

ಆದರೆ ಕರುಣೆಗೂ ಒಂದು ಹದ ಬೇಕು. ಹದ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಈಚಿನ ವರ್ಷಗಳ ಅಂಕಿಗಳೇ ಸಾಕ್ಷಿ. 2021ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಆರು ವಿಷಯಗಳ ಪರೀಕ್ಷೆಯನ್ನು ಜುಲೈ ತಿಂಗಳ ಎರಡು ದಿನಗಳಲ್ಲಿ, ಕೇವಲ ಬಹು ಆಯ್ಕೆಯ ಪ್ರಶ್ನೆಗಳಿಂದ ಮುಗಿಸಿದರು. ಆ ವರ್ಷ 157 ಮಂದಿ ಪೂರ್ಣಾಂಕ ಪಡೆದರು, ಹೆಚ್ಚುಕಡಮೆ ಎಲ್ಲರೂ ತೇರ್ಗಡೆಯಾದರು. 2022ರಲ್ಲಿ ಪೂರ್ಣಾಂಕದವರು 145, 2023ರಲ್ಲಿ ನಾಲ್ವರು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾ ಇರಿಸಿ, ವೆಬ್‌ಕಾಸ್ಟಿಂಗ್ ಮೂಲಕ ಮೇಲ್ವಿಚಾರಣೆ ಮಾಡಿದಾಗ, ಪೂರ್ಣಾಂಕ ಪಡೆದವಳು ಇಡೀ ರಾಜ್ಯದಲ್ಲಿ ಒಬ್ಬಳೇ. ಅವಳು ಸರ್ಕಾರದ ವಸತಿಶಾಲೆಯಲ್ಲಿ ಓದಿದ, ರೈತನ ಮಗಳು. ಅದೇ ವರ್ಷ ತೇರ್ಗಡೆಯ ಪ್ರಮಾಣ ಕುಸಿಯುವುದನ್ನು ಕಂಡು ಕೃಪಾಂಕದ ಮಿತಿಯನ್ನು ಶೇಕಡ 10ರಿಂದ 20ಕ್ಕೆ ಏರಿಸಿದುದರಿಂದ ಫಲಿತಾಂಶ ಶೇಕಡ 73.40ಕ್ಕೆ ಬಂದು ನಿಂತಿತು. ಹಾಗೆ ಮಾಡದಿದ್ದರೆ ಅದು 55ನ್ನೂ ಮುಟ್ಟುತ್ತಿರಲಿಲ್ಲ. ಹಿಂದಿನ ವರ್ಷದಲ್ಲಾದರೋ ಅದು 83.89 ಇದ್ದಿತು. 2025ರಲ್ಲಿ ಆ ಹೆಚ್ಚಿನ ಕೃಪಾಂಕವನ್ನು ಹಿಂದಕ್ಕೆ ಪಡೆದರು. ಪೂರ್ಣಾಂಕ ಬಂದವರು 22 ಮಂದಿ. ಅದೇ ವರ್ಷ, ತೇರ್ಗಡೆಗೆ ಬೇಕಾದ ಅಂಕವನ್ನು ಶೇಕಡ 35ರಿಂದ 33ಕ್ಕೆ ಇಳಿಸುವ ನಿರ್ಧಾರವನ್ನೂ ಸರ್ಕಾರ ಪ್ರಕಟಿಸಿತು. ಒಂದು ನಾಡಿನ ಮಕ್ಕಳ ಬುದ್ಧಿ ಎರಡು ಮೂರು ವರ್ಷಗಳಲ್ಲಿ ಹೀಗೆ ಏರಿ ಇಳಿಯುವುದುಂಟೆ? ಮಕ್ಕಳು ಅವರೇ, ಪುಸ್ತಕಗಳು ಅವೇ. ಬದಲಾದುದು ಪ್ರಶ್ನೆಯ ರೂಪ, ಕಾವಲಿನ ಬಿಗಿ, ಕೃಪೆಯ ಅಳತೆ. ಆದಕಾರಣ ಅಂಕವೆಂಬುದು ವಿದ್ಯೆಯೊಂದರದೇ ಅಳತೆಯೆಂದು ತಿಳಿಯುವವರು, ಹಿರಿಯರಾಗಲಿ ಕಿರಿಯರಾಗಲಿ, ಈ ಅಂಕಿಗಳನ್ನು ಒಮ್ಮೆ ಮನಸ್ಸಿಟ್ಟು ನೋಡಬೇಕು.

ಇನ್ನು ಮೇಲಿನ ಅಂಚಿನ ಮಾತು. 625ರಲ್ಲಿ ಲಿಖಿತ ಪರೀಕ್ಷೆಗೆ ಸೇರಿದ್ದು 500. ಉಳಿದ 125 ಆಂತರಿಕ ಮೌಲ್ಯಮಾಪನದ್ದು, ಶಾಲೆಯಲ್ಲಿಯೇ ಕೊಡತಕ್ಕದ್ದು. ಈ 125 ಬಹುಮಟ್ಟಿಗೆ ಎಲ್ಲರಿಗೂ ಧಾರಾಳವಾಗಿ ದೊರೆಯುವುದರಿಂದ, ಎದ್ದು ಕಾಣಬೇಕೆಂಬ ಮಗು ಆ 500ರಲ್ಲಿ ಒಂದನ್ನೂ ಕಳೆದುಕೊಳ್ಳುವ ಹಾಗಿಲ್ಲ. ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಕೆಲವು ವರ್ಷಗಳ ಹಿಂದೆ ಈ ಪರೀಕ್ಷೆಗೆ ಸಿದ್ಧಳಾದುದನ್ನು ನಾನು ಹತ್ತಿರದಿಂದ ನೋಡಿದೆನು. ಬೆಳಗಿನ ನಾಲ್ಕೂವರೆಗೆ ಅವರ ಮನೆಯ ದೀಪ ಹೊತ್ತುತ್ತಿದ್ದಿತು. ಶಾಲೆಗೆ ಮುಂಚೆ ಒಂದು ಟ್ಯೂಷನ್, ಶಾಲೆಯ ಬಳಿಕ ಇನ್ನೊಂದು. ಊಟದ ತಟ್ಟೆಯ ಪಕ್ಕದಲ್ಲಿಯೂ ಸಮಾಜ ವಿಜ್ಞಾನದ ಟಿಪ್ಪಣಿ. ಪಠ್ಯಪುಸ್ತಕದ ಪ್ರತಿಯೊಂದು ಪಾಠದ ಹಿಂದಿನ ಅಭ್ಯಾಸವನ್ನೂ ಅವಳು ನೋಡದೆ ಬರೆಯಬಲ್ಲವಳಾಗಿದ್ದಳು. ಕಣ್ಣಿನ ಚಿತ್ರವನ್ನೂ ಹೃದಯದ ಚಿತ್ರವನ್ನೂ ನಿಮಿಷಗಳ ಲೆಕ್ಕದಲ್ಲಿ ಬರೆದು ಭಾಗಗಳನ್ನು ಗುರುತಿಸುತ್ತಿದ್ದಳು. ವಿಭಕ್ತಿ ಪ್ರತ್ಯಯಗಳಲ್ಲಿ ಒಂದು ದೀರ್ಘವೂ ತಪ್ಪದು. ಈ ಪರಿಶ್ರಮವನ್ನು ಹಗುರವೆನ್ನುವವರು ಅದನ್ನು ಕಂಡಿಲ್ಲ. ನನ್ನ ಹದಿನಾರನೆಯ ವಯಸ್ಸಿನಲ್ಲಿ ನಾನು ಇದರ ಅರ್ಧದಷ್ಟೂ ಓದಿದವನಲ್ಲ. ಓದಬೇಕಾದ ಅಗತ್ಯವೂ ಆಗ ಇರಲಿಲ್ಲ. ಫಲಿತಾಂಶ ಬಂದಾಗ ಅವಳಿಗೆ ಬಂದುದು 619. ಮನೆಗೆ ಬಂದವರಿಗೆಲ್ಲ ತಾಯಿ ಸಿಹಿ ಹಂಚುತ್ತಿದ್ದರೆ, ಹುಡುಗಿ ಒಳಕೋಣೆಯಲ್ಲಿ ಹೋದ ಆ ಆರು ಅಂಕಗಳನ್ನು ನೆನೆದು ಅಳುತ್ತಿದ್ದಳು. "ಎಲ್ಲಿ ಹೋಯಿತು ಅಂತಲೇ ಗೊತ್ತಾಗುತ್ತಿಲ್ಲ ತಾತ" ಎಂಬ ಅವಳ ಮಾತು ನನ್ನ ಕರುಳನ್ನು ಕಿವುಚಿತು. ಏನು ತಿಳಿಯಿತೆಂಬ ಸಂತೋಷಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಏನು ತಪ್ಪಿತೆಂಬ ದುಃಖ ಮಾತ್ರವಿದ್ದಿತು.

ಅಳು ಅಡಗಿದ ಮೇಲೆ, ಒಂದು ಸಂಜೆ, ನಾನು ಅವಳಿಗೆ ನಮ್ಮ ಮೇಷ್ಟರ ಆ ನಾಲ್ಕು ಸಂಖ್ಯೆಗಳ ಲೆಕ್ಕವನ್ನು ಹೇಳಿದೆನು. ಅವಳು ತಕ್ಷಣವೇ, "ಇದು ಯಾವ ಚಾಪ್ಟರಿನದು ತಾತ? ಎಷ್ಟು ಮಾರ್ಕ್ಸಿಗೆ?" ಎಂದು ಕೇಳಿದಳು. ಯಾವ ಅಧ್ಯಾಯದ್ದೂ ಅಲ್ಲ, ಯಾವ ಅಂಕಕ್ಕೂ ಅಲ್ಲವೆಂದು ಹೇಳಿದಾಗ, ಎಲ್ಲಿಂದ ಹಿಡಿಯಬೇಕೆಂದು ತೋಚದೆ ಅವಳು ಕಾಗದವನ್ನೇ ನೋಡುತ್ತ ಕುಳಿತಳು. ನಾನು ಅವಸರಪಡಿಸದೆ ಎದ್ದು ಬಂದೆನು. ಎರಡು ದಿನಗಳ ಅನಂತರ ಹುಡುಗಿ ತಾನಾಗಿಯೇ ಓಡಿಬಂದು, ಮೇಷ್ಟರು ನಮಗೆ ಕೊಟ್ಟ ಸುಳಿವಿನ ಸಹಾಯವಿಲ್ಲದೆ, ಬೀಜಗಣಿತದಿಂದ ಅದನ್ನು ಸಾಧಿಸಿ ತೋರಿಸಿದಳು. ಅಷ್ಟಕ್ಕೇ ನಿಲ್ಲದೆ, ನಾಲ್ಕರ ಬದಲು ಮೂರು ಸಂಖ್ಯೆಗಳಾದರೆ ಏಕೆ ಹೀಗಾಗುವುದಿಲ್ಲವೆಂದು ನನ್ನನ್ನೇ ಕೇಳಿದಳು. 619 ಬಂದ ದಿನ ಆ ಮುಖದಲ್ಲಿ ಕಾಣದ ಕಾಂತಿ ಅಂದು ಕಂಡಿತು. ಬುದ್ಧಿ ಅವಳಲ್ಲಿ ಕಡಮೆಯಾಗಿರಲಿಲ್ಲ, ಶ್ರದ್ಧೆಯೂ ಕಡಮೆಯಾಗಿರಲಿಲ್ಲ. ಹತ್ತು ವರ್ಷಗಳ ಶಾಲೆಯಲ್ಲಿ ಯಾರೂ ಅವಳಿಗೆ ಉತ್ತರವನ್ನು ಮೊದಲೇ ತಿಳಿಸದೆ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ, ಅಷ್ಟೆ. ನಮ್ಮ ಊರಿನ ಸಾಮಾನ್ಯ ಹುಡುಗರಿಗೆ ಪ್ರತಿ ಶನಿವಾರ ಸಿಕ್ಕುತ್ತಿದ್ದ ಭಾಗ್ಯ, ಇಷ್ಟು ಓದಿದ ಈ ಮಗುವಿಗೆ ಸಿಕ್ಕಿರಲಿಲ್ಲ.

ಅಂಕಗಳ ಮೇಲಿನ ನಂಬಿಕೆ ಕುಗ್ಗಿದುದರ ಭಾರವೂ ಕೊನೆಗೆ ಬೀಳುವುದು ಮಕ್ಕಳ ಮೇಲೆಯೇ. ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಪ್ರವೇಶಕ್ಕೆ 1994ರಲ್ಲಿ ಸಿ.ಇ.ಟಿ. ಬಂದಿತು, ಪ್ರತಿಭೆಯುಳ್ಳ ಬಡ ಮಕ್ಕಳು ಅದರಿಂದ ಇಂಜಿನಿಯರುಗಳೂ ವೈದ್ಯರೂ ಆದುದನ್ನು ನಾನು ಸಂತೋಷದಿಂದ ಕಂಡಿದ್ದೇನೆ. ಆದರೆ ಒಂದು ಪರೀಕ್ಷೆಯ ಮೇಲೆ ಇನ್ನೊಂದು ಬೆಳೆದು, ವೈದ್ಯ ಶಿಕ್ಷಣಕ್ಕೆ ನೀಟ್, ಐಐಟಿಗೆ ಜೆಇಇ ಎಂದು, ಬೋರ್ಡಿನ ಪರೀಕ್ಷೆ ಮಾಡದೆ ಬಿಟ್ಟ ವಿಂಗಡಣೆಯ ಕೆಲಸವನ್ನು ಬೇರೆ ಪರೀಕ್ಷೆಗಳು ವಹಿಸಿಕೊಂಡುವು. ಶಾಲೆಯಲ್ಲಿ ಬಿಟ್ಟಿಯಾಗಿ ದೊರೆಯಬೇಕಾಗಿದ್ದ ಯೋಚಿಸುವ ಅಭ್ಯಾಸ ಕೋಚಿಂಗ್ ಸಂಸ್ಥೆಗಳಲ್ಲಿ ಲಕ್ಷಗಟ್ಟಲೆ ಹಣಕ್ಕೆ ಮಾರಾಟವಾಗುತ್ತಿದೆ. ಬೋರ್ಡಿನ ಪರೀಕ್ಷೆಯನ್ನು ಸುಲಭಗೊಳಿಸಿದುದು ಬಡವರ ಮಕ್ಕಳ ಮೇಲಿನ ಕಾಳಜಿಯಿಂದ. ಆದರೆ ಯೋಚಿಸಬೇಕಾದ ಪ್ರಶ್ನೆ ಶಾಲೆಯಿಂದ ಹೊರಟುಹೋದಾಗ, ಅದನ್ನು ಕೊಂಡುಕೊಳ್ಳಲಾರದೆ ಹೋಗುವವರೂ ಬಡವರ ಮಕ್ಕಳೇ. ಮೂವತ್ತೈದು ಅಂಕದ ಬಾಗಿಲಿನಲ್ಲಿ ನಾವು ಅವರಿಗೆ ತೋರಿದ ಕರುಣೆ ಮುಂದಿನ ಬಾಗಿಲಿನಲ್ಲಿ ಅವರ ನೆರವಿಗೆ ಬಾರದು.

ಆದುದರಿಂದ, ಇಷ್ಟು ಕಾಲ ಈ ಪರೀಕ್ಷೆಯ ಜೊತೆಗೆ ಬಾಳಿದವನಾಗಿ, ನನಗೆ ನಿಶ್ಚಯವಾಗಿ ತೋರುವುದನ್ನು ಹೇಳಿ ಮುಗಿಸುತ್ತೇನೆ. ತೇರ್ಗಡೆಯ ಮಟ್ಟವನ್ನು ಸುಗಮವಾಗಿಡುವುದು ಸರಿ; ವರ್ಷಕ್ಕೆ ಮೂರು ಸಲ ಪರೀಕ್ಷೆ ಬರೆಯಲು 2024ರಲ್ಲಿ ಅವಕಾಶ ಕೊಟ್ಟ ಕ್ರಮವೂ ಸರಿ; ಒಂದು ಸಲ ಎಡವಿದ ಮಗುವನ್ನು ಬಾಳೆಲ್ಲ ದಂಡಿಸುವುದು ನಾಗರಿಕ ಸಮಾಜಕ್ಕೆ ಶೋಭಿಸತಕ್ಕದ್ದಲ್ಲ. ಆದರೆ ಪ್ರತಿಯೊಂದು ಪ್ರಶ್ನೆಪತ್ರಿಕೆಯಲ್ಲಿಯೂ, ಯಾರೂ ನಪಾಸಾಗದಷ್ಟು ಕಡಮೆ ಅಂಕಕ್ಕೆ, ಯಾವ ಗೈಡಿನಲ್ಲಿಯೂ ಮಾದರಿಯಲ್ಲಿಯೂ ಇಲ್ಲದ ಒಂದೆರಡು ಪ್ರಶ್ನೆಗಳು ಇದ್ದೇ ಇರಬೇಕು. ಅವುಗಳನ್ನು ಬಿಡಿಸಲಾರದೆ ಹೋದ ಮಗುವನ್ನು ಯಾರೂ ಹೀನವಾಗಿ ಕಾಣಬಾರದು, ಬಿಡಿಸಿದ ಮಗುವನ್ನು ನಾಡು ಗುರುತಿಸಬೇಕು. ಅಂಥ ಪ್ರಶ್ನೆ ಬಂದ ವರ್ಷ ಪಠ್ಯದ ಹೊರಗಿನದೆಂದು ನಾವು ಯಾರೂ ಕೂಗೆಬ್ಬಿಸಬಾರದು. ಉಪಾಧ್ಯಾಯರಾದವರು ವಾರಕ್ಕೊಮ್ಮೆಯಾದರೂ ಅಂಕಕ್ಕೆ ಸೇರದ ಒಂದು ಪ್ರಶ್ನೆಯನ್ನು ತರಗತಿಯಲ್ಲಿ ಕೇಳಬೇಕು. ಅದಕ್ಕೆ ಇಲಾಖೆಯ ಸುತ್ತೋಲೆ ಬೇಕಾಗಿಲ್ಲ, ಒಂದು ತುಂಡು ಸೀಮೆಸುಣ್ಣ ಸಾಕು. ತಾಯಿತಂದೆಗಳು ಫಲಿತಾಂಶದ ದಿನ, ಹೋದ ಅಂಕಗಳೆಷ್ಟೆಂದು ಕೇಳುವುದಕ್ಕೆ ಮುಂಚೆ, ಮಗುವಿಗೆ ಪ್ರಿಯವಾದ ಪಾಠ ಯಾವುದೆಂದು ಕೇಳಬೇಕು. ನನ್ನ ಸಮವಯಸ್ಕರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಮುಂದಿನ ಬೇಸಗೆಯಲ್ಲಿ ನಿಮ್ಮ ಮೊಮ್ಮಗಳು ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ನಿಮ್ಮ ಮುಂದೆ ನಿಂತಾಗ, ಪರೀಕ್ಷೆ ಸುಲಭವಾಗಿದ್ದಿತೆಂದು ಹೇಳಿ ಅವಳ ದುಡಿಮೆಯನ್ನು ಅಲ್ಲಗಳೆಯಬೇಡಿ; ಅವಳು ನಿಮಗಿಂತ ಹೆಚ್ಚು ದುಡಿದಿದ್ದಾಳೆ. ಮೊದಲು ಅವಳ ಬೆನ್ನು ತಟ್ಟಿ, ಆಮೇಲೆ ಪುಸ್ತಕದಲ್ಲಿಲ್ಲದ ಒಂದು ಲೆಕ್ಕವನ್ನು ಅವಳಿಗೆ ಕೊಡಿ.